ಖಾಲಿ ಮಾಸ್ತರರು

ಹೋದ ತಿಂಗಳು ಸೊಸೆ ಯಾವುದೋ ಅಂಗಡಿಯಿಂದ ಆಮಸೂಲದ ಪೊಟ್ಟಣ ತಂದಳು. ಕೊಂಕಣದ ಕಡೆ ಸಾರಿಗೆ ಹುಳಿ ಬರಲೆಂದು ಹಾಕುವ, ಉಪ್ಪು ಹಚ್ಚಿ ಒಣಗಿಸಿದ ಕಪ್ಪು ಸಿಪ್ಪೆ ಅದು. ನಮ್ಮ ಜೋಳದ ಸೀಮೆಯಲ್ಲಿ ಹುಳಿ ಎಂದರೆ ಹುಣಸೆಹಣ್ಣು, ಅಷ್ಟೇ. ಪೊಟ್ಟಣದ ಬಾಯಿ ಬಿಚ್ಚುತ್ತಲೇ ಆ ವಾಸನೆ ಅಡಿಗೆಮನೆ ದಾಟಿ ನಾನು ಕೂತಲ್ಲಿಗೆ ಬಂತು. ಸೊಸೆ ಏನೋ ಕೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ಆ ವಾಸನೆ ನನಗೆ ಅಡಿಗೆಯದಲ್ಲ. ಒಬ್ಬ ಮಾಸ್ತರರ ಅಂಗಿಯ ಕಿಸೆಯದು…

ಅವರ ತಾಯಿ ಊರಿಂದ ಕಳಿಸುತ್ತಿದ್ದ ಆಮಸೂಲದ ಚೂರುಗಳನ್ನು ಅವರು ಕಿಸೆಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಕಲಿಸಿ ಕಲಿಸಿ ಗಂಟಲು ಒಣಗಿದರೆ ಒಂದು ಚೂರು ಬಾಯಿಗೆ. ಪಾಟಿಯ ಮೇಲೆ ಬಗ್ಗಿ ನಮ್ಮ ಅಕ್ಷರ ತಿದ್ದುವಾಗ ಆ ಉಪ್ಪುಹುಳಿಯ ವಾಸನೆ ನಮ್ಮ ಮುಖಕ್ಕೇ ಬರುತ್ತಿತ್ತು.

ನಮ್ಮದು ಅಕ್ಕಲಕೋಟ ತಾಲೂಕಿನ ಒಂದು ಸಣ್ಣ ಊರು. ಬೆಳಿಗ್ಗೆ ನಡೆದು ಹೊರಟರೆ ಅಕ್ಕಲಕೋಟದ ಸಂತೆ ಮುಗಿಸಿ ಹೊತ್ತು ಮುಳುಗುವುದರೊಳಗೆ ಮನೆ ಸೇರಬಹುದು, ಅಷ್ಟು ದೂರ. ಕುರಿ ಕಾಯುವ ಮನೆತನ, ಬೀರೋಬನ ಒಕ್ಕಲು. ಸುಗ್ಗಿ ಮುಗಿಯುತ್ತಲೇ ನಮ್ಮಪ್ಪ ಹಿಂಡು ಹೊಡೆದುಕೊಂಡು ಮಂಗಳವೇಢೆಯ ಕಡೆ ಹೋಗುತ್ತಿದ್ದ. ಅಲ್ಲಿಯ ರೈತರ ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ತರುಬಿ, ಜೋಳ ಹೊತ್ತುಕೊಂಡು ಬರುತ್ತಿದ್ದ. ನಮ್ಮ ಮನೆಯಲ್ಲಿ ಸಹಿ ಎಂದರೆ ಹೆಬ್ಬೆಟ್ಟು. ಆ ಮನೆಯಿಂದ ನಾನು ಬಿ.ಎ. ಆದೆ. ಹೆಣ್ಣುಮಕ್ಕಳಲ್ಲಿ ಮಾತ್ರವಲ್ಲ, ಇಡೀ ಮನೆತನದಲ್ಲೇ ಮೊದಲು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಯಾರೂ ಉಡಿಯಲ್ಲಿ ಹಾಕಿ ಕೊಟ್ಟದ್ದಲ್ಲ ಅದು. ಆದರೆ ಆ ದಾರಿಯ ಬುಡದಲ್ಲಿ ಒಂದು ಸಂಗತಿ ಇದೆ. ಅದನ್ನು ನೆನೆದಾಗಲೆಲ್ಲ ಹೆಮ್ಮೆ ಅರ್ಧಕ್ಕೇ ನಿಲ್ಲುತ್ತದೆ.

ನಮ್ಮೂರಿನ ಶಾಲೆ ಕನ್ನಡದ್ದು. ಬೀರೋಬನ ಗುಡಿಯ ಪೌಳಿಯಲ್ಲಿ ಏಳನೆಯ ಇಯತ್ತೆಯವರೆಗೆ ನಡೆಯುತ್ತಿತ್ತು. ನಾನು ಐದನೆಯದರಲ್ಲಿದ್ದಾಗ ರಾಜ್ಯಗಳ ಗೆರೆಯನ್ನು ಹೊಸದಾಗಿ ಎಳೆದರು. ಆಗ ನಮಗೆ ಕಲಿಸುತ್ತಿದ್ದವರು ಇಂಡಿ ಕಡೆಯವರು. ಅವರ ಊರು ಮೈಸೂರಿನ ಪಾಲಿಗೆ ಹೋಯಿತು, ನಮ್ಮ ತಾಲೂಕು ಮುಂಬೈ ಪಾಲಿಗೆ ಉಳಿಯಿತು. ಯಾವ ಕಡೆ ಇರುತ್ತೀರಿ ಎಂದು ಕೇಳಿದರಂತೆ, ಅವರು ಮನೆಯ ಕಡೆ ಹೋದರು. ಯಾರಾದರೂ ಹೋಗುವವರೇ. ಕನ್ನಡ ಮಾಸ್ತರರನ್ನು ತಯಾರು ಮಾಡುತ್ತಿದ್ದ ಟ್ರೇನಿಂಗ್ ಕಾಲೇಜುಗಳೂ ಗೆರೆಯ ಆಚೆಗೇ ಉಳಿದವು. ಏಳನೆಯ ಇಯತ್ತೆಗೆ ಟ್ರೇನಿಂಗ್ ಆದ ಮಾಸ್ತರರೇ ಇರಬೇಕೆಂಬ ಕಾಯಿದೆ ಮಾತ್ರ ಈಚೆಗೆ ಉಳಿಯಿತು. ಕಾಯಿದೆ ಕೆಟ್ಟದ್ದೆಂದು ನಾನು ಅನ್ನುವುದಿಲ್ಲ. ಮುಂದೆ ನಾನೂ ಟ್ರೇನಿಂಗ್ ಆದವಳೇ, ಅದರ ಬೆಲೆ ನನಗೆ ಗೊತ್ತು. ಆದರೆ ಯಾವ ಭಾಷೆಯಲ್ಲಿ ಟ್ರೇನಿಂಗ್ ಎಂದು ಆಗ ಯಾರೂ ಕೇಳಲಿಲ್ಲ. ಕೈಗೆ ಸಿಕ್ಕವರು ಮರಾಠಿಯವರು. ಅವರಲ್ಲೊಬ್ಬರನ್ನು ನಮ್ಮೂರಿಗೆ ಕಳಿಸಿದರು.

ಅವರು ಬಂದ ದಿನವನ್ನು ಊರು ಬಹಳ ವರ್ಷ ಮರೆಯಲಿಲ್ಲ. ತೆಳ್ಳಗಿನ ಎಳೆಯ ಮನುಷ್ಯ, ತಲೆಯ ಮೇಲೆ ಬಿಳಿ ಟೋಪಿ. ಅಕ್ಕಲಕೋಟದ ಎಸ್.ಟಿ. ಬಸ್ ಸ್ಟ್ಯಾಂಡಿನ ಚಹದ ಅಂಗಡಿಯಲ್ಲಿ ಯಾರನ್ನೋ ಕೇಳಿ ನಾಲ್ಕಾರು ಕನ್ನಡ ಶಬ್ದ ಕಲಿತುಕೊಂಡು ಬಂದಿದ್ದರು. ನಾವೆಲ್ಲ ಎದ್ದು ನಿಂತೆವು. ಅವರು ನಕ್ಕು, ಕೈಯಾಡಿಸಿ, “ಖಾಲಿ ಕೂಡ್ರಿ” ಅಂದರು.

ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಕೆಳಗೆ ಕೂಡ್ರಿ ಎಂದು ಅವರು ಹೇಳಿದ್ದು. ನಮಗೆ ಖಾಲಿ ಎಂದರೆ ಬರಿದು, ಖಾಲಿ ಕೂಡುವುದೆಂದರೆ ಏನೂ ಮಾಡದೆ ಸುಮ್ಮನೆ ಕೂಡುವುದು. ನಾವು ಪಾಟಿಯನ್ನು ಚೀಲಕ್ಕೆ ಹಾಕಿ, ಕೈಕಟ್ಟಿ ಕೂತೆವು. ಎಂಥ ಶಿಸ್ತಿನ ಮಕ್ಕಳೆಂದು ಅವರಿಗೆ ಸಂತೋಷವಾಯಿತು. ಪುಸ್ತಕ ತೆಗೆಯುತ್ತೇವೆಂದು ಅವರು ಕಾದರು, ತೆಗೆ ಅನ್ನುತ್ತಾರೆಂದು ನಾವು ಕಾದೆವು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರೆಲ್ಲ ಆಗಿತ್ತು. ಖಾಲಿ ಕುಂದ್ರದು ಕಲಸಾಕ ಸರಕಾರದವ್ರು ಒಬ್ಬ ಟ್ರೇನಿಂಗ್ ಮಾಸ್ತರಗ ಕಳಿಸ್ಯಾರ ಎಂದು ಕಟ್ಟೆಯ ಮೇಲಿನ ಮುದುಕರು ಹೇಳಿಕೊಂಡು ನಕ್ಕರು. ಅಂದಿನಿಂದ ಅವರು ಖಾಲಿ ಮಾಸ್ತರರು. ಎದುರಿಗೆ ‘ಮಾಸ್ತರ’, ಬೆನ್ನ ಹಿಂದೆ ‘ಖಾಲಿ ಮಾಸ್ತರ’.

ಅವರು ಮಕ್ಕಳನ್ನು ‘ಬಾಳಾ’ ಎಂದು ಕರೆಯುತ್ತಿದ್ದರು, ಮರಾಠಿಯಲ್ಲಿ ಮಗೂ ಅಂದ ಹಾಗೆ. ಅದು ನಮಗೆ ‘ಭಾಳ’ ಎಂದು ಕೇಳಿಸುತ್ತಿತ್ತು. ಕರೆದಾಗಲೆಲ್ಲ ನನ್ನ ತಂಗಿ, ಏನು ಭಾಳ, ಯಾತರದು ಭಾಳ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿ ನಗಿಸುವಳು. ಅವಳು ನನಗಿಂತ ಎರಡು ಇಯತ್ತೆ ಹಿಂದೆ, ಬುದ್ಧಿಯಲ್ಲಿ ನನಗಿಂತ ಮುಂದೆ. ಒಂದೇ ಪೌಳಿಯಲ್ಲಿ ಎಲ್ಲ ಇಯತ್ತೆಗಳೂ ಕೂಡುತ್ತಿದ್ದುದರಿಂದ ನನಗೆ ಕಲಿಸಿದ್ದನ್ನು ಅವಳು ಅಲ್ಲಿಂದಲೇ ಕೇಳಿ ಕಲಿತುಬಿಡುತ್ತಿದ್ದಳು.

ಅವರು ಕೆಟ್ಟ ಮಾಸ್ತರರಾಗಿರಲಿಲ್ಲ. ಇದನ್ನು ಒತ್ತಿ ಹೇಳಬೇಕು. ಒಂದು ದಿನ ನಮ್ಮಪ್ಪನ ಹತ್ತಿರ ಕುರಿದೊಡ್ಡಿಗೆ ಕಟ್ಟುವ ಬಲೆ ಕೇಳಿ ತಂದು, ಗುಡಿಯ ಮುಂದಿನ ಬಯಲಲ್ಲಿ ಗೂಟ ಹೊಡೆಸಿದರು. ಮೊದಲು ಉದ್ದಕ್ಕೆ, ಓಣಿಯ ಹಾಗೆ. ಅದರೊಳಗೆ ಕುರಿ ಹೊಗಿಸಿದೆವು. ಆಮೇಲೆ ಅದೇ ಬಲೆಯನ್ನು ನಾಲ್ಕು ಕಡೆ ಸಮನಾಗಿ ಎಳೆದು ಕಟ್ಟಿಸಿದರು. ಬಲೆ ಅಷ್ಟೇ, ಕುರಿ ಮಾತ್ರ ಎಷ್ಟೋ ಹೆಚ್ಚು ಹಿಡಿದವು. ಕ್ಷೇತ್ರಫಲ ಎಂಬ ಶಬ್ದ ನನಗೆ ತಿಳಿದದ್ದು ಕುರಿಗಳ ನಡುವೆ ನಿಂತು. ಇದು ಹಿಂಗ ಆಗ್ತದ ಅಂತ ಗೊತ್ತಿತ್ತು, ಯಾಕ ಅಂತ ಗೊತ್ತಿದ್ದಿಲ್ಲ ಎಂದು ಅಪ್ಪ ಮನೆಗೆ ಬಂದು ಅವ್ವನ ಮುಂದೆ ಹೇಳಿದ. ಶಾಲೆಯ ಬಗ್ಗೆ ಅಪ್ಪ ಒಳ್ಳೆಯ ಮಾತಾಡಿದ್ದು ಅದೇ ಮೊದಲು.

ಕನ್ನಡ ಮಾತ್ರ ಅವರಿಗೆ ಒಲಿಯಲೇ ಇಲ್ಲ. ಬೆಳಿಗ್ಗೆ ಬೇಗ ಬಂದು ಒಂದನೆಯ ಇಯತ್ತೆಯ ಚಿಕ್ಕವರ ಪಕ್ಕದಲ್ಲಿ ಕೂತು ಅಕ್ಷರ ತಿದ್ದುತ್ತಿದ್ದರು. ನಾಚಿಕೆಪಡುತ್ತಿರಲಿಲ್ಲ. ಆದರೆ ಮರಾಠಿಯಲ್ಲಿ ನಮ್ಮ ಹಾಗೆ ‘ಎ’ ಬೇರೆ ‘ಏ’ ಬೇರೆ ಇಲ್ಲ, ‘ಒ’ ಬೇರೆ ‘ಓ’ ಬೇರೆ ಇಲ್ಲ. ಅವರ ಬಾಯಲ್ಲಿ ಕೊಡು ಎಂಬುದು ಕೋಡು ಆಗುತ್ತಿತ್ತು, ಕೆರೆ ಎಂಬುದು ಕೇರೇ. ಶುದ್ಧಲೇಖನ ಹೇಳಿದರೆ ನಾವು ಕೇಳಿದಂತೆ ಬರೆಯಬೇಕೋ, ನಮಗೆ ಗೊತ್ತಿದ್ದಂತೆ ಬರೆಯಬೇಕೋ ತಿಳಿಯದೆ ಒದ್ದಾಡುತ್ತಿದ್ದೆವು. ಪದ್ಯ ಬಂದರೆ ನಮಗೇ ಓದಲು ಹೇಳಿ, ಕಣ್ಣು ಮುಚ್ಚಿ ಕೇಳಿ, ಚೆನ್ನಾಗಿದೆ ಅನ್ನುವರು. ಅರ್ಥ ಯಾರು ಹೇಳಬೇಕು? ಪಾಠ ಅರ್ಧ ಮರಾಠಿ, ಅರ್ಧ ಕೈಸನ್ನೆ. ದಿನಾ ಬೋರ್ಡಿನ ಮೇಲೆ ಪ್ರಶ್ನೆ ಬರೆದು ಅದರಡಿಗೆ ಕೈ ತೋರಿಸಿ, “ಖಾಲಿ ಬರೀರಿ” ಅನ್ನುವರು. ಬರಬರುತ್ತ ನಮಗೆ ಅದು ರೂಢಿಯಾಯಿತು. ಮನೆಯಲ್ಲಿ ಕೊಡ ಖಾಲಿ ಆಗಿದೆ ಎಂದರೆ ನೀರಿಲ್ಲ ಎಂದು. ಶಾಲೆಯಲ್ಲಿ ಖಾಲಿ ಎಂದರೆ ಕೆಳಗೆ. ಒಂದೇ ಶಬ್ದಕ್ಕೆ ಮನೆಯ ಅರ್ಥ ಬೇರೆ, ಶಾಲೆಯ ಅರ್ಥ ಬೇರೆ. ಹೊಸ್ತಿಲು ದಾಟುವಾಗ ಅರ್ಥ ಬದಲಿಸಿಕೊಳ್ಳುತ್ತಿದ್ದೆವು. ನಗು ಕೂಡ ನಿಂತುಹೋಗಿತ್ತು.

ಶಾಲೆ ತಪಾಸಣೆಗೆ ದಿಪೋಟಿ ಸಾಹೇಬರು ಬಂದಾಗ ನಮ್ಮ ಮಾಸ್ತರರು ಅವರನ್ನು ಕೇಳಿಕೊಂಡರು. ಈ ಮಕ್ಕಳಿಗೆ ಕನ್ನಡ ಬಲ್ಲವರೊಬ್ಬರನ್ನು ಕೊಡಿ, ನನ್ನನ್ನು ಮರಾಠಿ ಶಾಲೆಗೆ ಕಳಿಸಿ, ಅಲ್ಲಿ ನಾನು ಒಳ್ಳೆಯ ಕೆಲಸ ಮಾಡುತ್ತೇನೆ ಎಂದು. ಸಾಹೇಬರು ಒಳ್ಳೆಯವರೇ, ದನಿ ಏರಿಸಲಿಲ್ಲ. ತುಮ್ಹೀ ಟ್ರೇಂಡ್ ಆಹಾತ ನಾ, ಮಗ ಝಾಲಂ ಅಂದರು. ನೀವು ಟ್ರೇನಿಂಗ್ ಆದವರಲ್ಲವೇ, ಅಲ್ಲಿಗೆ ಮುಗಿಯಿತು ಎಂದು.

ನಾನು ಏಳನೆಯದಕ್ಕೆ ಬಂದೆ. ನಾಲ್ವರು ಹುಡುಗರು, ನಾನೊಬ್ಬಳು. ಆ ವರ್ಷದ ಕೊನೆಗೆ ಸರಕಾರದ ದೊಡ್ಡ ಪರೀಕ್ಷೆ. ಅದರಲ್ಲಿ ಪಾಸಾದರೆ ಮುಂದೆ ದಾರಿ, ಇಲ್ಲವಾದರೆ ಇಲ್ಲ. ಅಪ್ಪ ಹಿಂಡಿನ ಜೊತೆ ಹೊರಡುವ ಹಿಂದಿನ ದಿನ ನನ್ನನ್ನು ಕರೆದು ಹೇಳಿದ:

“ಪಾಸಾದಿ ಅಂದ್ರ ಅಕ್ಕಲಕೋಟಿ ಸಾಲಿಗಿ ಹಾಕ್ತೀನಿ, ಊರ ಮಂದಿ ಏನರ ಅನ್ನವಲ್ರ್ಯಾಕ. ನಪಾಸಾದ್ರ ಮತ್ತ ಅಳಬ್ಯಾಡ. ನಿಮ್ಮ ಮಾವಗ ಮಾತ ಕೊಟ್ಟೀನಿ.”

ಮಾವ ಎಂದರೆ ಅವ್ವನ ತಮ್ಮ. ಕೆಟ್ಟವನಲ್ಲ. ಆದರೆ ಅವನ ಮನೆಯಲ್ಲಿ ಮಗ್ಗಿ ಹೇಳುವ ಹುಡುಗಿಗೆ ಕೆಲಸವಿರಲಿಲ್ಲ.

ಪರೀಕ್ಷೆ ಅಕ್ಕಲಕೋಟದಲ್ಲಿ. ಲೆಕ್ಕದ ದಿನ ನಾವು ಕುಣಿಯುತ್ತ ಹೊರಬಂದೆವು. ಮರುದಿನ ಕನ್ನಡ. ಆ ಸಲ ವ್ಯಾಕರಣ, ಗಾದೆ, ಪದ್ಯ ಎಲ್ಲವನ್ನೂ ಒಂದು ಅಚ್ಚಿನ ಹಾಳೆಯ ಮೇಲೆ ಕೊಟ್ಟು, ಉತ್ತರವನ್ನು ಅದೇ ಹಾಳೆಯಲ್ಲಿ ಬರೆಯಲು ಹೇಳಿದ್ದರು. ವಾಕ್ಯಗಳ ನಡುನಡುವೆ ಚುಕ್ಕೆಗಳ ಸಾಲು. ಮೇಲೆ ದಪ್ಪಕ್ಷರದಲ್ಲಿ ‘ಖಾಲಿ ಜಾಗದಲ್ಲಿ ಸರಿಯಾದ ಶಬ್ದ ಬರೆಯಿರಿ’ ಎಂದಿತ್ತು.

ನಾನು ಹಾಳೆಯ ಬುಡದಲ್ಲಿದ್ದ ಜಾಗ ನೋಡಿದೆ. ಬೇಕಾದಷ್ಟಿತ್ತು. ಶಬ್ದಗಳೆಲ್ಲ ಗೊತ್ತಿದ್ದವು. ಒಂದರ ಪಕ್ಕ ಒಂದು ಅಂದವಾಗಿ ಬರೆದೆ. ಚುಕ್ಕೆಗಳ ಸಾಲು ಹಾಗೇ ಉಳಿಯಿತು. ನಮ್ಮೂರಿನ ಐದೂ ಮಂದಿ ಹಾಗೆಯೇ ಬರೆದಿದ್ದೆವು… ಒಬ್ಬರನ್ನೊಬ್ಬರು ನೋಡಿ ಬರೆದದ್ದಲ್ಲ. ಶಾಲೆಯ ಮಾತನ್ನು ಶಾಲೆಯ ಅರ್ಥದಲ್ಲೇ ಓದಿಕೊಂಡಿದ್ದೆವು, ಅಷ್ಟೇ.

ಬೇಸಿಗೆಯಲ್ಲಿ ಫಲಿತಾಂಶ ಬಂತು. ಐದೂ ಮಂದಿ ನಪಾಸು. ಲೆಕ್ಕದಲ್ಲಿ, ಭೂಗೋಳದಲ್ಲಿ ಪಾಸು, ಕನ್ನಡದಲ್ಲಿ ನಪಾಸು. ಊರವರಿಗೆ ಇದು ತಿಳಿಯಲೇ ಇಲ್ಲ. ತಾಯಿ ಹಾಲಿನ ಜೊತೆ ಬಂದ ಮಾತಿನಲ್ಲಿ ನಪಾಸಾಗುವುದು ಹೇಗೆ ಎಂದು ಕಟ್ಟೆಯ ಮೇಲೆ ಕೇಳಿದರು. ನಾನು ಮನೆಯಿಂದ ಹೊರಗೆ ಬರಲಿಲ್ಲ. ಅಪ್ಪ ಹಿಂಡಿನೊಂದಿಗೆ ಮರಳಿ ಬಂದಿದ್ದ. ಮಾವನಿಗೆ ಹೇಳಿಕಳಿಸುವ ಮಾತನ್ನು ಅವ್ವನೊಂದಿಗೆ ಸಣ್ಣ ದನಿಯಲ್ಲಿ ಆಡುತ್ತಿದ್ದುದು ಗೋಡೆಯಾಚೆ ನನಗೆ ಕೇಳುತ್ತಿತ್ತು.

ಮಾಸ್ತರರು ಮನೆಗೇ ಬಂದರು. ನನ್ನನ್ನು ಕೂರಿಸಿಕೊಂಡು, ಅವತ್ತು ಏನು ಬರೆದೆ, ಹೇಗೆ ಬರೆದೆ ಎಂದು ಒಂದೊಂದೇ ಕೇಳಿದರು. ಶಬ್ದ ಎಲ್ಲ ಸರಿ ಇದ್ದವು. ಅವರಿಗೆ ಗೊತ್ತಾಗದಿದ್ದಲ್ಲಿ ತಂಗಿ ಪುಸ್ತಕ ತೆಗೆದು ತೋರಿಸಿದಳು. ಹಾಗಾದರೆ ಎಲ್ಲಿ ಬರೆದೆ ಎಂದರು.

“ಖಾಲಿ ಬರ್ದೀನ್ರಿ ಮಾಸ್ತರ,” ಎಂದೆ.

ಸರಿ ಎಂಬಂತೆ ತಲೆಯಾಡಿಸಿದರು. ಆಮೇಲೆ ತಲೆ ಅಲ್ಲಾಡುವುದು ನಿಂತಿತು. ಖಾಲಿ ಅಂದರೆ ಎಲ್ಲಿ, ತೋರಿಸು ಎಂದರು. ನಾನು ಪಾಟಿಯ ಬುಡದ ಮೇಲೆ ಬೆರಳಿಟ್ಟೆ. ಆಗಲೂ ನನಗೆ ತಿಳಿದಿರಲಿಲ್ಲ. ತಂಗಿಗೆ ತಿಳಿಯಿತು. ಅವ್ವನ ಮುಂದಿದ್ದ ಬರಿಯ ಬುಟ್ಟಿಯನ್ನು ತೋರಿಸಿ, ಯಕ್ಕಾ, ಇದು ಖಾಲಿ ಅಲ್ಲನು ಎಂದಳು.

ಮಾಸ್ತರರು ಆ ಬುಟ್ಟಿಯನ್ನು ನೋಡಿದರು, ಪಾಟಿಯ ಬುಡವನ್ನು ನೋಡಿದರು. ಕೊನೆಗೆ ನನ್ನ ತಲೆಯ ಮೇಲೆ ಕೈಯಿಟ್ಟು, “ಬಾಳಾ, ಚೂಕ ಮಾಝೀ,” ಎಂದರು. ತಪ್ಪು ನನ್ನದು ಎಂದು. ಅಪ್ಪನ ಕಡೆ ತಿರುಗಿ, ಸೊಲ್ಲಾಪುರಕ್ಕೆ ಹೋಗೋಣ, ಹುಡುಗಿಯನ್ನೂ ಕರೆದುಕೊಂಡು ಬನ್ನಿ, ಪರೀಕ್ಷೆ ನಡೆಸುವ ಸಾಹೇಬರು ಅವಳ ಬಾಯಿಂದಲೇ ಕೇಳಲಿ ಎಂದರು.

ಅಕ್ಕಲಕೋಟದವರೆಗೆ ನಡೆದು, ಅಲ್ಲಿಂದ ಎಸ್.ಟಿ. ಹಿಡಿದು ಹೋದೆವು. ಸೊಲ್ಲಾಪುರವನ್ನು ನಾನು ನೋಡಿದ್ದು ಅಂದೇ ಮೊದಲು. ಗಿರಣಿಯ ಚಿಮಣಿಗಳು, ರಸ್ತೆ ತುಂಬ ಮಂದಿ, ಮೂರು ಭಾಷೆ ಒಂದೇ ಅಂಗಡಿಯಲ್ಲಿ. ಕಚೇರಿ ಮಾಳಿಗೆಯ ಮೇಲಿತ್ತು. ಮೆಟ್ಟಿಲು ಹತ್ತಿ ಹೋದರೆ ಬಾಗಿಲು ಕಾಯುವ ಪಟ್ಟೇವಾಲ ಅಪ್ಪನನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿ, “ಖಾಲಿ ಥಾಂಬಾ,” ಎಂದ. ಕೆಳಗೆ ನಿಂತಿರಿ ಎಂದು. ಮರಾಠಿ ಸೀಮೆಯಲ್ಲಿ ಕುರಿ ಕಾಯ್ದ ಅಪ್ಪನಿಗೆ ಆ ಮಾತು ಚೆನ್ನಾಗಿಯೇ ತಿಳಿಯುತ್ತಿತ್ತು. ಮೆಟ್ಟಿಲಿಳಿಯುತ್ತ, “ನೋಡವಾ, ನಿನ್ನ ನಪಾಸ ಮಾಡಿದ್ದು ಇಲ್ಲೇ ಅದ,” ಎಂದ. ನನಗೆ ನಗು ಬಂತು, ಅಳುವೂ ಬಂತು.

ಬಹಳ ಹೊತ್ತಿನ ಮೇಲೆ ಕರೆದರು. ಸಾಹೇಬರ ಮುಂದೆ ನನ್ನ ಹಾಳೆ ಇತ್ತು. ಬುಡದ ಶಬ್ದಗಳನ್ನು ತಿದ್ದಿದವರು ಕೆಂಪು ಶಾಯಿಯಲ್ಲಿ ಅಡ್ಡ ಹೊಡೆದಿದ್ದರು, ಹುಡುಗರು ಗೀಚಿಕೊಂಡದ್ದೆಂದು ತಿಳಿದು. ನಾನು ಹೇಳಿದ್ದನ್ನು ಕೇಳಿ ಸಾಹೇಬರು ನಕ್ಕರು, ನಕ್ಕದ್ದಕ್ಕೆ ಅವರಿಗೇ ಬೇಸರವಾದಂತೆ ಕಂಡಿತು. ಉತ್ತರ ಸರಿ ಇವೆ ಎಂದು ಒಪ್ಪಿದರು. ಆದರೆ ಪಾಸು ಮಾಡಲು ಕಾರಣ ಬೇಕಲ್ಲ ಎಂದರು. ಕಾರಣ ಒಂದೇ. ಮಕ್ಕಳದು ತಪ್ಪಿಲ್ಲ, ಕಲಿಸಿದವರಿಗೆ ಕನ್ನಡ ಬರುವುದಿಲ್ಲ ಎಂದು ಮಾಸ್ತರರೇ ಬರೆದುಕೊಡಬೇಕು. ಬರೆದುಕೊಟ್ಟರೆ ಐದೂ ಮಕ್ಕಳು ಪಾಸು. ಆಮೇಲೆ ಮೆಲ್ಲಗೆ ಮರಾಠಿಯಲ್ಲಿ, ಆ ಕಾಗದ ನಮ್ಮ ಹತ್ತಿರ ಇದ್ದ ಮೇಲೆ ಆ ಶಾಲೆಯ ಮೇಲಿನ ಇಯತ್ತೆಗಳ ಗತಿ ಏನಾಗುತ್ತದೋ ನನ್ನ ಕೈಯಲ್ಲಿಲ್ಲ, ಯೋಚಿಸಿ ಎಂದರು. ಬೆದರಿಸಿದ್ದಲ್ಲ. ಇದ್ದದ್ದನ್ನು ಹೇಳಿದರು.

ಮಾಸ್ತರರ ಕೈಯಲ್ಲಿ ಲೇಖಣಿ ಇತ್ತು. ಬರೆಯಲಿಲ್ಲ. ಅಪ್ಪನ ಕಡೆ ನೋಡಿದರು. ಹಿರಿಯರನ್ನು ಅವರು ಮರಾಠಿ ರೂಢಿಯಂತೆ ಮಾಮಾ ಅನ್ನುತ್ತಿದ್ದರು.

“ಮಾಮಾ, ಏನ ಮಾಡೂಣು?”

ಅಪ್ಪನಿಗೆ ಸಾಹೇಬರ ಮಾತು ಪೂರ್ತಿ ತಿಳಿದಿತ್ತು. ಅವನು ನನ್ನನ್ನು ನೋಡಲಿಲ್ಲ. ನೆಲ ನೋಡುತ್ತ ಹೇಳಿದ:

“ಖರೆ ಇದ್ದದ್ದ ಬರೀರಿ ಮಾಸ್ತರ. ಸುಳ್ಳ ಯಾಕ ಬರೀತೀರಿ.”

ಅವರು ಬರೆದರು. ಮುತ್ತಿನಂಥ ಮರಾಠಿ ಅಕ್ಷರ.

ನಾವು ಪಾಸಾದೆವು. ಮಳೆಗಾಲದ ಮೊದಲಿಗೆ ಇನ್ನೊಂದು ಹುಕುಂ ಬಂತು. ನಮ್ಮೂರಿನ ಶಾಲೆಯಲ್ಲಿ ಕನ್ನಡದಲ್ಲಿ ಕಲಿಸಲು ತಕ್ಕ ಮಾಸ್ತರರಿಲ್ಲವೆಂದು ಅವರೇ ಬರೆದುಕೊಟ್ಟಿರುವುದರಿಂದ, ಐದರಿಂದ ಏಳರವರೆಗಿನ ಇಯತ್ತೆಗಳು ಬಂದ್. ಬೇಕಾದವರು ದೂರದ ಊರಿನ ಮರಾಠಿ ಶಾಲೆಗೆ ಹೋಗಬಹುದು. ತಕ್ಕ ಮಾಸ್ತರರಿಲ್ಲದಿದ್ದರೆ ತಕ್ಕವರನ್ನು ಕಳಿಸಬೇಕಲ್ಲ ಎಂದು ಇವತ್ತು ನಾನು ಕೇಳಬಲ್ಲೆ, ಬಿ.ಎ. ಆದವಳು. ಅಂದು ಕೇಳುವವರು ಯಾರೂ ಇರಲಿಲ್ಲ. ಹೋದ ಮಾಸ್ತರರನ್ನು ಗೆರೆ ಕರೆದುಕೊಂಡಿತು, ಬಂದ ಮಾಸ್ತರರನ್ನು ಕಾಯಿದೆ ಕೆಡಿಸಿತು, ಕೊನೆಗೆ ಹೊಣೆಯನ್ನು ಅವರ ಪ್ರಾಮಾಣಿಕತೆಯ ಮೇಲೆ ಹಾಕಿ ಶಾಲೆ ಮುಚ್ಚಿದರು.

ಅವರಿಗೆ ಮಂಗಳವೇಢೆಯ ಕಡೆ ಒಂದು ಮರಾಠಿ ಶಾಲೆಗೆ ವರ್ಗವಾಯಿತು. ಹೊರಡುವ ದಿನ ನಮ್ಮ ಮನೆಯ ಮುಂದೆ ನಿಂತು ಅವ್ವ ಕೊಟ್ಟ ಮಜ್ಜಿಗೆ ಕುಡಿದರು. ತಂಗಿ ಬಾಗಿಲ ಮರೆಯಲ್ಲಿದ್ದಳು, ಹೊರಗೆ ಬರಲಿಲ್ಲ. ಅವರು ಅವಳು ನಿಂತ ಕಡೆಗೇ ನೋಡುತ್ತ, ಒಂದಕ್ಷರವೂ ತಪ್ಪದೆ, ಹ್ರಸ್ವ ದೀರ್ಘ ಎಲ್ಲ ಸರಿಯಾಗಿ, “ನನಗ ಈಗ ಕನ್ನಡ ಬರಾಕತ್ತಿತ್ತು,” ಎಂದರು. ಅಷ್ಟು ಹೇಳಿ ನಡೆದುಬಿಟ್ಟರು.

ಅಪ್ಪ ಮಾತಿನಂತೆ ನನ್ನನ್ನು ಅಕ್ಕಲಕೋಟದ ಶಾಲೆಗೆ ಹಾಕಿದ. ಇಬ್ಬರನ್ನೂ ಅಲ್ಲಿ ಓದಿಸುವ ಶಕ್ತಿ ಅವನಿಗಿರಲಿಲ್ಲ. ಅಲ್ಲಿಂದ ಟ್ರೇನಿಂಗ್, ಆಮೇಲೆ ಸೊಲ್ಲಾಪುರದಲ್ಲಿ ಮಾಸ್ತರಿಕೆ, ಹಗಲು ಕಲಿಸಿ ಬೆಳಗಿನ ಜಾವ ಓದಿ ಬಿ.ಎ. ಮಾವನಿಗೆ ಕೊಟ್ಟ ಮಾತು ಹಾಗೇ ಉಳಿದಿತ್ತಲ್ಲ, ಅದು ತಂಗಿಯ ಕಡೆ ತಿರುಗಿತು. ಶಾಲೆ ಇಲ್ಲದ ಹುಡುಗಿ ಮನೆಯಲ್ಲಿ ಎಷ್ಟು ದಿನ?

ಮಂಗಳವೇಢೆಯ ಕಡೆ ಹೋದಾಗ ಅಪ್ಪ ಒಮ್ಮೆ ಅವರ ಶಾಲೆಯ ಹತ್ತಿರ ಹಿಂಡು ನಿಲ್ಲಿಸಿದ್ದನಂತೆ. ಆ ಊರವರು ಅವರನ್ನು ತಲೆಯ ಮೇಲೆ ಇಟ್ಟುಕೊಂಡಿದ್ದರಂತೆ, ಇಂಥ ಮಾಸ್ತರ ಈ ತಾಲೂಕಿನಾಗ ಇಲ್ಲ ಎಂದು. ಮನುಷ್ಯ ಅವರೇ. ಕಿಟಕಿಯಿಂದ ಅವರ ದನಿ ಕೇಳಿ ಅಪ್ಪನಿಗೆ ಬೇರೆ ಯಾರೋ ಅನ್ನಿಸಿತಂತೆ, ಅಷ್ಟು ಸಲೀಸಾಗಿ ಮಾತಾಡುತ್ತಿದ್ದರಂತೆ. ನನ್ನನ್ನು ಕೇಳಿದರಂತೆ. ಆಮೇಲೆ ತಂಗಿಯನ್ನೂ ಕೇಳಿದರಂತೆ. ಅಪ್ಪ ಏನು ಹೇಳಿದನೋ ನನಗೆ ಹೇಳಲಿಲ್ಲ. ಬಿ.ಎ. ಆದ ಮೇಲೆ ನಾನು ಅವರನ್ನು ಕಾಣಲು ಅಲ್ಲಿಗೆ ಹೋದೆ. ತಡವಾಗಿತ್ತು… ಕೊಂಕಣಕ್ಕೆ ಮರಳಿ, ಅಲ್ಲೇ ತೀರಿಕೊಂಡರೆಂದು ಶಾಲೆಯವರು ಹೇಳಿದರು.

ಮಾಸ್ತರಿಕೆ ಮಾಡಿದ ವರ್ಷಗಳಲ್ಲಿ ಶಿಕ್ಷಕರ ಗುಣಮಟ್ಟದ ಬಗ್ಗೆ ಎಷ್ಟೋ ಸಭೆಗಳಲ್ಲಿ ಕೂತಿದ್ದೇನೆ. ಒಳ್ಳೆಯ ಮಾಸ್ತರ, ಕೆಟ್ಟ ಮಾಸ್ತರ ಎಂದು ದೊಡ್ಡವರು ಮಾತಾಡುವಾಗ, ಒಬ್ಬನೇ ಮನುಷ್ಯ ಗೆರೆಯ ಹತ್ತಿರದ ಊರಲ್ಲಿ ನಗೆಪಾಟಲಾಗಿ, ಜಿಲ್ಲೆಯ ಇನ್ನೊಂದು ತುದಿಯಲ್ಲಿ ದೇವರಾದದ್ದನ್ನು ನಾನು ಕಂಡಿದ್ದೇನೆ ಎಂದು ಎದ್ದು ಹೇಳಬೇಕೆನಿಸುತ್ತಿತ್ತು. ಒಮ್ಮೆ ಹೇಳಿದೆ. ಹೌದು ಹೌದು ಎಂದು ಮುಂದಿನ ವಿಷಯಕ್ಕೆ ಹೋದರು.

ಹೋದ ವಾರ ತಂಗಿ ಬಂದಿದ್ದಳು. ಅವಳ ಮೊಮ್ಮಕ್ಕಳು ಮರಾಠಿ ಓದುತ್ತಾರೆ, ಕನ್ನಡ ಮಾತಾಡುತ್ತಾರೆ, ಕನ್ನಡ ಓದಲು ಬರುವುದಿಲ್ಲ. ಐದನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಅವಳಿಗೂ ಅಷ್ಟಿಷ್ಟು ಮಾತ್ರ ಉಳಿದಿದೆ. ಸೊಸೆಯ ಪೊಟ್ಟಣದ ಕಥೆ ಹೇಳಿ ಮಾಸ್ತರರ ಸುದ್ದಿ ತೆಗೆದೆ. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿದೆ, ನಿನಗೆ ಅವರ ಮೇಲೆ ಸಿಟ್ಟು ಬರಲಿಲ್ಲವೇ ಎಂದು. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಸಿಟ್ಟು ಯಾತಕ್ಕ ಯಕ್ಕಾ. ಅವರು ಸುಳ್ಳ ಹೇಳಿದ್ರ ನೀ ಮಾವನ ಮನ್ಯಾಗ ಇರ್ತಿದ್ದಿ, ನಾ ಇಲ್ಲಿ ಕುರ್ಚಿ ಮ್ಯಾಲ ಇರ್ತಿದ್ದೆ. ಖರೆ ಹೇಳಿದ್ರು. ಅಷ್ಟ.”

ಸಿಟ್ಟಿಲ್ಲದ ದನಿ. ಹುಡುಗಿಯಾಗಿದ್ದಾಗ ಲೆಕ್ಕದ ಉತ್ತರ ಹೇಳುತ್ತಿದ್ದ ಹಾಗೆಯೇ.

ಮಾಸ್ತರರು ಇವತ್ತು ಬದುಕಿದ್ದರೆ ಈ ಮಾತನ್ನು ಅವರಿಗೆ ಮುಟ್ಟಿಸುತ್ತಿದ್ದೆನೇ? ಇಲ್ಲ, ಮುಟ್ಟಿಸುತ್ತಿರಲಿಲ್ಲ. ಇದನ್ನು ಕೇಳಲು ಅವರಿಲ್ಲದ್ದು ಒಳ್ಳೆಯದೇ ಆಯಿತು ಎಂದು ಒಂದು ಗಳಿಗೆ ಅನ್ನಿಸಿತು. ಅಂಥ ಮನುಷ್ಯರ ವಿಷಯದಲ್ಲಿ ನನಗೆ ಹಾಗೆ ಅನ್ನಿಸಬೇಕಾಯಿತಲ್ಲ ಎಂಬುದೇ ಅಂದಿನಿಂದ ಎದೆಯಲ್ಲಿ ಕೂತಿದೆ.